ಬಾವುಟದಲ್ಲಿ ಚಿನ್ನ ಎಲ್ಲಿದೆ?

ನನ್ನದು ಬಂಗಾರಪೇಟೆ ಅಂದ ಕೂಡಲೇ ಬೆಂಗಳೂರಿನ ಜನ ಎರಡರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. "ಓ, ಪಾನಿಪುರಿ ಊರಾ?" ಅನ್ನೋದು ಒಂದು. "ಕೆಜಿಎಫ್ ಪಕ್ಕ ಅಲ್ವಾ?" ಅನ್ನೋದು ಇನ್ನೊಂದು. 2018ರಲ್ಲಿ ಸಿನಿಮಾ ಬಂದಮೇಲೆ ಎರಡನೆಯದೇ ಜಾಸ್ತಿ. ಎರಡಕ್ಕೂ ನನ್ನ ಹತ್ತಿರ ಸಿದ್ಧ ಉತ್ತರ ಇದೆ. ಹೌದು, ನಮ್ಮೂರ ಪಾನಿಪುರಿ ನೀರು ಹಸಿರಲ್ಲ, ನೋಡೋಕೆ ತಿಳಿನೀರಿನ ಹಾಗೆ, ಖಾರ ಗೊತ್ತಾಗೋದು ಬಾಯಿಗೆ ಬಿದ್ದಮೇಲೆ. ಇಲ್ಲ, ಗಣಿ ಸಿನಿಮಾದಲ್ಲಿ ಇದ್ದ ಹಾಗೆ ಇರಲಿಲ್ಲ. ನಮ್ಮಪ್ಪ ಅಲ್ಲೇ ಕೆಲಸ ಮಾಡ್ತಿದ್ದರು, ಸಂಜೆ ಮನೆಗೆ ಬಂದು ಕಾಫಿ ಕುಡೀತಿದ್ದರು. ಅಲ್ಲಿಗೆ ಮಾತು ಮುಗಿಯುತ್ತದೆ.

ಹೋದ ವರ್ಷ ಮಾರ್ಚ್‌ನಲ್ಲಿ ಮೂರನೇ ಪ್ರಶ್ನೆ ಬಂತು. ಕೇಳಿದವನು ಅಕ್ರಾದವನು. ನಮ್ಮ ಟೀಮಿನ ಅರ್ಧ ಜನ ಘಾನಾ ದೇಶದಲ್ಲಿದ್ದಾರೆ, ವಾರಕ್ಕೆ ಮೂರು ಸಲ ಸ್ಕ್ರೀನಿನ ಮೇಲೆ ಭೇಟಿ. ಅವತ್ತು ಮಾರ್ಚ್ 5. ಮರುದಿನ ಅವರಿಗೆ ಸ್ವಾತಂತ್ರ್ಯ ದಿನದ ರಜೆ. ಅವನ ಹಿಂದೆ ದೊಡ್ಡದಾಗಿ ಅವರ ಬಾವುಟ: ಮೇಲೆ ಕೆಂಪು, ನಡುವೆ ಹಳದಿ, ಕೆಳಗೆ ಹಸಿರು, ಹಳದಿಯ ಮಧ್ಯೆ ಒಂದು ಕಪ್ಪು ನಕ್ಷತ್ರ. ಮ್ಯಾನೇಜರ್ ಇನ್ನೂ ಬಂದಿರಲಿಲ್ಲ. ಸುಮ್ಮನೆ ಕೂರೋದು ಬೇಡ ಅಂತ, ಆ ಬಣ್ಣಗಳ ಅರ್ಥ ಏನು ಅಂತ ಕೇಳಿದೆ.

ಶಾಲೆಯಲ್ಲಿ ಬಾಯಿಪಾಠ ಮಾಡಿದವರ ಹಾಗೆ ಒಪ್ಪಿಸಿದ. ಕೆಂಪು ಸ್ವಾತಂತ್ರ್ಯಕ್ಕಾಗಿ ಸತ್ತವರ ರಕ್ತ. ಹಸಿರು ಕಾಡು ಮತ್ತು ಬೆಳೆ. ಕಪ್ಪು ನಕ್ಷತ್ರ ಆಫ್ರಿಕಾದ ಬಿಡುಗಡೆ. "ಹಳದಿ ನಮ್ಮ ನೆಲದ ಖನಿಜ, ಅಂದ್ರೆ ಚಿನ್ನ." ಆಮೇಲೆ ಏನೋ ನೆನಪಾದವನ ಹಾಗೆ ಕೇಳಿದ: "ನಿಮ್ಮೂರಲ್ಲೂ ಚಿನ್ನದ ಗಣಿ ಇತ್ತು ಅಂದಿದ್ದೆ ಅಲ್ವಾ? ನಿಮ್ಮ ಬಾವುಟದಲ್ಲಿ ಚಿನ್ನ ಎಲ್ಲಿದೆ?"

ನಾನು ನಕ್ಕೆ. ನಮ್ಮ ಕನ್ನಡ ಬಾವುಟದಲ್ಲಿ ಹಳದಿ ಇದೆ, ಆದರೆ ಅದು ಅರಿಶಿನ. ಕೆಳಗಿನ ಕೆಂಪು ಕುಂಕುಮ ಅಂದೆ. ಅಷ್ಟರಲ್ಲಿ ಮ್ಯಾನೇಜರ್ ಬಂದರು, ಪೇಮೆಂಟ್ ಫೇಲ್ ಆಗಿದ್ದರ ಲೆಕ್ಕ ಶುರುವಾಯಿತು. ಪ್ರಶ್ನೆ ಅಲ್ಲೇ ಉಳೀತು.

ಆದರೆ ನನ್ನ ತಲೆಯಿಂದ ಹೋಗಲಿಲ್ಲ. ಅವತ್ತು ರಾತ್ರಿ ಒಂದು ಗಂಟೆಯವರೆಗೆ ಆಫ್ರಿಕಾದ ಬಾವುಟಗಳ ಬಗ್ಗೆ ಓದುತ್ತಾ ಕೂತೆ.

ಘಾನಾಕ್ಕೆ ಬ್ರಿಟಿಷರು ಇಟ್ಟಿದ್ದ ಹೆಸರೇ ಗೋಲ್ಡ್ ಕೋಸ್ಟ್, ಚಿನ್ನದ ಕರಾವಳಿ. 1957ರ ಮಾರ್ಚ್ 6ರಂದು ಕ್ವಾಮೆ ಎನ್‌ಕ್ರುಮಾ ನಾಯಕತ್ವದಲ್ಲಿ ಸ್ವತಂತ್ರವಾದಾಗ ಆ ಹೆಸರು ಬಿಟ್ಟು, ಪಶ್ಚಿಮ ಆಫ್ರಿಕಾದ ಒಂದು ಹಳೆಯ ಸಾಮ್ರಾಜ್ಯದ ಹೆಸರು ಇಟ್ಟುಕೊಂಡರು. ಹೆಸರಿನಿಂದ ಚಿನ್ನ ತೆಗೆದರು, ಬಾವುಟಕ್ಕೆ ಚಿನ್ನ ಹಾಕಿದರು. ನಮ್ಮಲ್ಲಿ ಇದರ ಉಲ್ಟಾ. ನಮ್ಮೂರ ಹಳೇ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು. ಆಮೇಲೆ ಅದು ಬಂಗಾರಪೇಟೆ ಆಯಿತು. ಹೆಸರಿಗೆ ಬಂಗಾರ ಬಂತು. ಬಂಗಾರ ಮಾತ್ರ ರೈಲಿನಲ್ಲಿ ಊರು ದಾಟಿ ಹೋಗುತ್ತಲೇ ಇತ್ತು.

ಘಾನಾದ ಬಾವುಟ ಬರೆದವರು ಥಿಯೊಡೋಸಿಯಾ ಓಕೊ ಅನ್ನೋ ಕಲಾವಿದೆ, ಶಾಲಾ ಶಿಕ್ಷಕಿ. ಕೆಂಪು, ಹಳದಿ, ಹಸಿರನ್ನು ಅವರು ಸುಮ್ಮನೆ ಆರಿಸಲಿಲ್ಲ. ಅವು ಇಥಿಯೋಪಿಯಾದ ಬಣ್ಣಗಳು. 1896ರಲ್ಲಿ ಅಡ್ವಾ ಅನ್ನೋ ಕಡೆ ಇಟಲಿಯ ಸೈನ್ಯವನ್ನು ಸೋಲಿಸಿ ಓಡಿಸಿದ ದೇಶ ಅದು. ಬೇರೆಯವರೆಲ್ಲ ಗುಲಾಮರಾಗಿದ್ದಾಗ ನಮ್ಮಂಥವರೇ ಒಬ್ಬರು ತಲೆ ಎತ್ತಿ ನಿಂತಿದ್ದರಲ್ಲ ಅನ್ನೋ ಹೆಮ್ಮೆಯಿಂದ ಆ ಮೂರು ಬಣ್ಣಗಳನ್ನು ಎಷ್ಟೋ ದೇಶಗಳು ತೆಗೆದುಕೊಂಡವು. ಕಪ್ಪು ನಕ್ಷತ್ರ ಬಂದದ್ದು ಸಮುದ್ರದಾಚೆಯಿಂದ. ಜಮೈಕಾದ ಮಾರ್ಕಸ್ ಗಾರ್ವಿ 1919ರಲ್ಲಿ ಅಮೆರಿಕದಲ್ಲಿ ಕರಿಯ ಜನರದ್ದೇ ಆದ ಹಡಗು ಕಂಪನಿ ಶುರು ಮಾಡಿ, ಅದಕ್ಕೆ ಬ್ಲ್ಯಾಕ್ ಸ್ಟಾರ್ ಲೈನ್ ಅಂತ ಹೆಸರಿಟ್ಟಿದ್ದ. ಹಡಗು ಕಂಪನಿ ಕೆಲವೇ ವರ್ಷಗಳಲ್ಲಿ ಮುಳುಗಿಹೋಯಿತು. ನಕ್ಷತ್ರ ಉಳಿದು, ಒಂದು ದೇಶದ ಬಾವುಟದ ನಡುವೆ ಬಂದು ಕೂತಿತು. ಅದೇ ಗಾರ್ವಿಯ ಸಂಘ 1920ರಲ್ಲಿ ಕೆಂಪು, ಕಪ್ಪು, ಹಸಿರಿನ ಬಾವುಟ ಮಾಡಿತು. 1963ರಲ್ಲಿ ಕೀನ್ಯಾ ಸ್ವತಂತ್ರವಾದಾಗ ಅದೇ ಮೂರು ಬಣ್ಣಗಳ ಮಧ್ಯೆ ಗುರಾಣಿ, ಈಟಿ ಇಟ್ಟುಕೊಂಡಿತು.

ನನ್ನ ಕಣ್ಣು ಮಾತ್ರ ಹಳದಿಯ ಮೇಲೇ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಅವರ ಪಕ್ಷ ಎಎನ್‌ಸಿ 1925ರಲ್ಲೇ ಕಪ್ಪು, ಹಸಿರು, ಹೊಂಬಣ್ಣದ ಬಾವುಟ ಮಾಡಿಕೊಂಡಿತ್ತು. ಕಪ್ಪು ಜನ, ಹಸಿರು ನೆಲ, ಹೊಂಬಣ್ಣ ನೆಲದೊಳಗಿನ ಸಂಪತ್ತು. ಆ ಸಂಪತ್ತಿನಲ್ಲಿ ಒಂದು ಗುಂಜಿಯೂ ಆಗ ಅವರದ್ದಾಗಿರಲಿಲ್ಲ. ಜಾಂಬಿಯಾ 1964ರಲ್ಲಿ ಸ್ವತಂತ್ರವಾದಾಗ ಬಾವುಟದಲ್ಲಿ ಕಿತ್ತಳೆ ಪಟ್ಟೆ ಇಟ್ಟಿತು. ಅದು ತಾಮ್ರ. ಇವು ಬರೀ ಅಲಂಕಾರ ಅಲ್ಲ ಅನ್ನಿಸಿತು. ಜಮೀನಿನ ಮೇಲೆ ಕಲ್ಲು ನೆಡುತ್ತಾರಲ್ಲ, ಇದು ನಮ್ಮದು ಅಂತ, ಆ ಥರದ ಕೆಲಸ ಇದು.

ಕಲ್ಲು ನೆಟ್ಟ ತಕ್ಷಣ ಜಮೀನು ಕೈಗೆ ಬರಲ್ಲ. ಇದು ಎಲ್ಲ ಕಡೆಯ ಕತೆ. ಘಾನಾದ ದೊಡ್ಡ ಚಿನ್ನದ ಗಣಿ ಇರೋದು ಒಬುವಾಸಿ ಅನ್ನೋ ಊರಲ್ಲಿ. 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪನಿಯ ಕೈಯಲ್ಲಿತ್ತು. 1957ರಲ್ಲಿ ಬಾವುಟ ಏರಿತು, ಗಣಿ ಅವರ ಹತ್ತಿರವೇ ಉಳೀತು. ಸರ್ಕಾರ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ತೆಗೆದುಕೊಂಡಿದ್ದು 1972ರಲ್ಲಿ. ಜಾಂಬಿಯಾದಲ್ಲಿ ಅಧ್ಯಕ್ಷ ಕೌಂಡಾ ತಾಮ್ರದ ಗಣಿಗಳಲ್ಲಿ ಶೇಕಡಾ 51 ಪಾಲು ಸರ್ಕಾರಕ್ಕೆ ಬರಬೇಕು ಅಂತ ಘೋಷಿಸಿದ್ದು ಬಾವುಟ ಏರಿದ ಐದು ವರ್ಷಕ್ಕೆ, 1969ರಲ್ಲಿ.

ನಮ್ಮಲ್ಲೂ ಅಷ್ಟೇ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದ್ದು 1880ರ ಹೊತ್ತಿಗೆ. ಗಣಿಗೆಂದು 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಆಗ ಬೆಂಗಳೂರಿಗೇ ಇನ್ನೂ ಬಂದಿರಲಿಲ್ಲ. 1947ರ ಆಗಸ್ಟ್ 15ಕ್ಕೆ ದೇಶದಲ್ಲೆಲ್ಲ ತ್ರಿವರ್ಣ ಧ್ವಜ ಏರಿತು. ಗಣಿ ಮಾತ್ರ ಇನ್ನೂ ಒಂಬತ್ತು ವರ್ಷ ಟೇಲರ್ ಕಂಪನಿಯ ಕೈಯಲ್ಲೇ ಇತ್ತು. ಮೈಸೂರು ಸರ್ಕಾರ ವಹಿಸಿಕೊಂಡಿದ್ದು 1956ರಲ್ಲಿ, ಕೇಂದ್ರಕ್ಕೆ ಹೋಗಿದ್ದು 1962ರಲ್ಲಿ, ಭಾರತ್ ಗೋಲ್ಡ್ ಮೈನ್ಸ್ ಅಂತ ಆಗಿದ್ದು 1972ರಲ್ಲಿ. ಬಾವುಟ ಮೊದಲು ಬರುತ್ತೆ, ಗಣಿ ಆಮೇಲೆ. ನಮ್ಮಲ್ಲಿ ಇನ್ನೂ ಒಂದು ಸಾಲು ಸೇರಿಸಬೇಕು: ಗಣಿ ಹೋದಮೇಲೂ ಬಾವುಟ ಇರುತ್ತೆ. 800 ಟನ್ನಿಗೂ ಜಾಸ್ತಿ ಚಿನ್ನ ಕೊಟ್ಟು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಇಲ್ಲೊಂದು ವಿಷಯ. ಘಾನಾದ ಬಾವುಟದ ಕೆಂಪಿನ ಹಿಂದೆ ಇರೋ ತಾರೀಖುಗಳಲ್ಲಿ ಒಂದು 1948ರ ಫೆಬ್ರವರಿ 28. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಬಂದಿದ್ದ ಮಾಜಿ ಸೈನಿಕರು, ತಮಗೆ ಬರಬೇಕಾದ್ದನ್ನು ಕೇಳೋಕೆ ಅಕ್ರಾದಲ್ಲಿ ಗವರ್ನರ್ ಇದ್ದ ಕೋಟೆಯ ಕಡೆ ಮೆರವಣಿಗೆ ಹೊರಟರು. ಗುಂಡು ಹಾರಿಸಿದರು, ಮೂವರು ಸತ್ತರು. ಆ ತಾರೀಖು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಫೆಬ್ರವರಿ 28 ಅಂದ್ರೆ ನಮ್ಮ ಮನೆಯಲ್ಲಿ ಬೇರೆಯದೇ ದಿನ. ಅವತ್ತು ಅಪ್ಪ ಮಾಮೂಲಿಗಿಂತ ಬೇಗ ಮನೆಗೆ ಬಂದರು. ನಾನಾಗ ಆರನೇ ಕ್ಲಾಸು.

ಆಗ ನಾವು ಚಾಂಪಿಯನ್ ರೀಫ್‌ನಲ್ಲಿ ಗಣಿಯ ಲೈನ್ ಮನೆಯಲ್ಲಿದ್ದೆವು. ಸಾಲಾಗಿ ಮನೆಗಳು, ಹಿಂದೆ ಸೈನೈಡ್ ದಿಬ್ಬ. ಗಾಳಿ ಬಂದರೆ ಬೂದುಮಣ್ಣು ಹಾರಿ ಅನ್ನದ ತಟ್ಟೆಗೇ ಬೀಳುತ್ತಿತ್ತು. ಸುತ್ತ ಎಲ್ಲ ತಮಿಳು ಮನೆಗಳು, ಕೆಲವು ತೆಲುಗು. ನಮ್ಮದೊಂದು ಕನ್ನಡ ಮನೆ. ತಾತ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಗಣಿಗೆ ಸೇರಿದವರು. ಅಪ್ಪ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಯೂನಿಯನ್ ಭಾಷಣದಲ್ಲಿ ಎರಡನ್ನೂ ಕಲಸಿ ಮಾತಾಡ್ತಿದ್ದರು.

ಆ ಬೀದಿಗಳಲ್ಲಿ ಬಾವುಟಗಳಿಗೆ ಬರ ಇರಲಿಲ್ಲ. ಕೆಂಪಿನಷ್ಟೇ ನೀಲಿ. ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ಜನ ತಮಿಳುನಾಡಿನ ಕಡೆಯಿಂದ ಬಂದ ದಲಿತರು. 1954ರಲ್ಲಿ ಅಂಬೇಡ್ಕರ್ ಇಲ್ಲಿಗೇ ಬಂದಿದ್ದರು. ಅವರ ದಾರಿಯ ರಿಪಬ್ಲಿಕನ್ ಪಕ್ಷದ ಸಿ. ಎಂ. ಆರ್ಮುಗಂ ಇಲ್ಲಿಂದ ವಿಧಾನಸಭೆಗೆ ಹೋದರು. ಆಮೇಲೆ ಎರಡೆಲೆಯ ಬಾವುಟವೂ ಇಲ್ಲಿ ಗೆದ್ದಿದೆ, ಕುಡುಗೋಲು ಸುತ್ತಿಗೆಯೂ ಗೆದ್ದಿದೆ. ಕರ್ನಾಟಕದ ಬೇರೆ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಬೀದಿಯ ಹಾಗೆ ಅದೂ ಮಾಮೂಲು. ನವೆಂಬರ್ 1ಕ್ಕೆ ಬಂಗಾರಪೇಟೆ ಆಟೋ ಸ್ಟ್ಯಾಂಡಿನಲ್ಲಿ ಅರಿಶಿನ ಕುಂಕುಮದ ಬಾವುಟ, ಮೂರು ದಿನ ಬಿಟ್ಟು ನವೆಂಬರ್ 4ಕ್ಕೆ ಕೆಜಿಎಫ್‌ನಲ್ಲಿ ಕೆಂಪು ಬಾವುಟ.

ನವೆಂಬರ್ 4ರ ಕತೆಯನ್ನು ಅಪ್ಪ ಪ್ರತಿ ವರ್ಷ ಹೇಳೋರು. 1946ರಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಅವತ್ತು ಪೊಲೀಸರು ಗುಂಡು ಹಾರಿಸಿದರು, ಆರು ಕಾರ್ಮಿಕರು ಸತ್ತರು. ಸ್ವಾತಂತ್ರ್ಯಕ್ಕೆ ಇನ್ನು ಒಂಬತ್ತು ತಿಂಗಳಿತ್ತು. ಅದಕ್ಕೂ ಮೊದಲು 1930ರಲ್ಲಿ, ಬೆರಳಚ್ಚು ಕೊಡಬೇಕು ಅನ್ನೋ ನಿಯಮದ ವಿರುದ್ಧ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. "ಬೆರಳಚ್ಚು ತಗೊಳ್ಳೋದು ಕಳ್ಳರದ್ದು ಕಣೋ. ನಾವು ಕಳ್ಳರಾ?" ಅಂತ ಅಪ್ಪ ಕೇಳೋರು, ಅವರೇ ಆ ಮುಷ್ಕರದಲ್ಲಿ ಇದ್ದ ಹಾಗೆ. ಅವರು ಆಗ ಹುಟ್ಟೇ ಇರಲಿಲ್ಲ.

ಶಾಲೆಯಲ್ಲಿ ನಮಗೆ ಕಲಿಸಿದ್ದು ಇನ್ನೊಂದು ಬಾವುಟದ ಕತೆ. ಟೂರಿಗೆ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದರು. ಆಗ ಅದು ನಮ್ಮ ಜಿಲ್ಲೆಯಲ್ಲೇ ಇತ್ತು. ಸಾಲು ಸಾಲು ನಾಗರಕಲ್ಲು, ಪಕ್ಕದಲ್ಲಿ ಹುತಾತ್ಮರ ಸ್ಮಾರಕ. 1938ರ ಏಪ್ರಿಲ್‌ನಲ್ಲಿ ಮೊದಲು ಶಿವಪುರದಲ್ಲಿ, ಆಮೇಲೆ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಏರಿಸಬಾರದು ಅಂತ ಸರ್ಕಾರ ಹೇಳಿತು. ಏಪ್ರಿಲ್ 25ರಂದು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಮೇಷ್ಟ್ರು ಹೇಳಿದ್ದು ಕೇಳಿ ನಾನು ಒಂದು ಪ್ರಶ್ನೆ ಕೇಳಿದ್ದೆ: "ಸಾರ್, ಒಂದು ಬಟ್ಟೆಗೋಸ್ಕರ ಸಾಯ್ತಾರಾ?" ಮೇಷ್ಟ್ರು ಬೈಯಲಿಲ್ಲ. "ದೊಡ್ಡವನಾದಮೇಲೆ ಗೊತ್ತಾಗತ್ತೆ" ಅಂದರು. ಗೊತ್ತಾಗೋಕೆ ನಾನು ತುಂಬಾ ಟೈಮ್ ತಗೊಂಡೆ.

ಅಪ್ಪನ ಹತ್ತಿರ ಒಂದು ಕೆಂಪು ಬಾವುಟ ಇತ್ತು. ಅಂಗಡಿಯದ್ದಲ್ಲ. ಹತ್ತಿ ಬಟ್ಟೆ ತಂದು ಅಮ್ಮನೇ ಅಂಚು ಹೊಲಿದಿದ್ದು, ಯೂನಿಯನ್ನಿನ ಹೆಸರನ್ನು ಯಾರೋ ಬಿಳಿ ಪೇಂಟಿನಲ್ಲಿ ಬರೆದಿದ್ದರು. ಪೇಂಟು ಅಲ್ಲಲ್ಲಿ ಉದುರಿಹೋಗಿತ್ತು. ಮೇ ದಿನಕ್ಕೆ, ನವೆಂಬರ್ 4ಕ್ಕೆ ಹೊರಗೆ ಬರುತ್ತಿತ್ತು. ಉಳಿದ ದಿನ ತಗಡಿನ ಟ್ರಂಕಿನಲ್ಲಿ, ಅವರ ನಂಬರಿದ್ದ ಹಿತ್ತಾಳೆ ಬಿಲ್ಲೆಯ ಜೊತೆ. ಗಣಿ ಮುಚ್ಚಿದಮೇಲೆ ಬಂಗಾರಪೇಟೆಗೆ ಬಂದೆವು. ಅಪ್ಪ ದಿನಾ ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿದರು. ನವೆಂಬರ್ 4ಕ್ಕೆ ಮಾತ್ರ ರಜೆ ಹಾಕಿ, ಟ್ರಂಕು ತೆಗೆದು, ಮಾರಿಕುಪ್ಪಂ ರೈಲು ಹತ್ತುತ್ತಿದ್ದರು.

2017ರಲ್ಲಿ ವೈಟ್‌ಫೀಲ್ಡ್ ಕಡೆ ನಾನು ಫ್ಲ್ಯಾಟ್ ತಗೊಂಡೆ. ಅಪ್ಪ ಅಮ್ಮನನ್ನು ಕರೆಸಿಕೊಂಡೆ. ಬಂಗಾರಪೇಟೆ ಮನೆಯ ಸಾಮಾನು ಪ್ಯಾಕ್ ಮಾಡಿಸಿದ್ದು ನಾನೇ, ಒಂದೇ ಭಾನುವಾರ. ಟ್ರಂಕು ಗುಜರಿಗೆ ಕೊಟ್ಟೆ. ಹಿತ್ತಾಳೆ ಬಿಲ್ಲೆ ಚೆನ್ನಾಗಿದೆ ಅಂತ ಎತ್ತಿಟ್ಟುಕೊಂಡೆ, ಹಾಲಿನ ಶೋಕೇಸಿನಲ್ಲಿ ಇಡೋಕೆ. ಆ ಕೆಂಪು ಬಟ್ಟೆಯನ್ನು ಮಿಕ್ಸಿಗೆ ಸುತ್ತಿದೆ, ಗೀರು ಬೀಳದೇ ಇರಲಿ ಅಂತ. ಅದು ಏನು ಅಂತ ಗೊತ್ತಿಲ್ಲದೆ ಅಲ್ಲ. ಗೊತ್ತಿತ್ತು. ಈಗ ಇನ್ನೇನು ಅದರ ಕೆಲಸ ಅಂದುಕೊಂಡೆ. ಹೊಸ ಮನೆಯಲ್ಲಿ ಮಿಕ್ಸಿ ಬಿಚ್ಚಿದಮೇಲೆ ಅದು ಒರೆಸೋ ಬಟ್ಟೆ ಆಯಿತು, ಆಮೇಲೆ ಕಸದ ಜೊತೆ ಹೋಯಿತು.

ಆ ವರ್ಷ ನವೆಂಬರ್ ಮೊದಲ ವಾರ ಅಪ್ಪ ಕೇಳಿದರು, "ಆ ಬಾವುಟ ಎಲ್ಲಿಟ್ಟಿದ್ದೀಯೋ?"

"ಯಾವುದೋ ಡಬ್ಬದಲ್ಲಿ ಇರತ್ತಪ್ಪ, ಹುಡುಕ್ತೀನಿ" ಅಂದೆ, ಫೋನಿನಿಂದ ಕಣ್ಣು ತೆಗೆಯದೆ.

ಅವರು ಮತ್ತೆ ಕೇಳಲಿಲ್ಲ. ಶೋಕೇಸಿನ ಬಿಲ್ಲೆಯನ್ನು ಒಂದು ಸಲ ನೋಡಿದರು, ಅಷ್ಟೇ. ಅಮ್ಮನಿಗೆ ಗೊತ್ತಿತ್ತು ಅಂತ ಕಾಣುತ್ತೆ, ಅವಳೂ ಹೇಳಲಿಲ್ಲ. ಆ ವರ್ಷ ಅಪ್ಪ ಮಾರಿಕುಪ್ಪಂಗೆ ಹೋಗಲಿಲ್ಲ. ಮಂಡಿನೋವು ಅಂದರು.

2019ರಲ್ಲಿ ತೀರಿಕೊಂಡರು. ಅವರ ಆಸೆಯಂತೆ ಬಂಗಾರಪೇಟೆಗೆ ತಂದೆವು. ಮಧ್ಯಾಹ್ನದ ರೈಲಿಗೆ ಚಾಂಪಿಯನ್ನಿನಿಂದ ಮೂವರು ಹಳೇ ಸಂಗಾತಿಗಳು ಬಂದರು. ಎಲ್ಲರಿಗೂ ಎಪ್ಪತ್ತರ ಹತ್ತಿರ. ಅಪ್ಪನ ಕಾಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಅವರಲ್ಲಿ ಹಿರಿಯರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ತಂಬಿ, ಅಣ್ಣಂದು ಬಾವುಟ ಕೊಡಪ್ಪಾ. ಹೊದಿಸಬೇಕು."

ನಾನು "ಸಿಗ್ತಿಲ್ಲ ಮಾಮ" ಅಂದೆ. ಅದೂ ಸುಳ್ಳು. ಸಿಗದೇ ಇರೋದಕ್ಕೂ ಇಲ್ಲದೇ ಇರೋದಕ್ಕೂ ವ್ಯತ್ಯಾಸ ಇದೆಯಲ್ಲ.

ಅವರು ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಇನ್ನೊಬ್ಬರಿಗೆ ತಮಿಳಿನಲ್ಲಿ ಏನೋ ಹೇಳಿದರು. ಅವರು ಬಜಾರಿಗೆ ಹೋಗಿ ಅರ್ಧ ಗಂಟೆಯಲ್ಲಿ ಎರಡು ಮೀಟರ್ ಕೆಂಪು ಬಟ್ಟೆ ತಂದರು. ಅಂಗಡಿಯ ಗಂಜಿ ವಾಸನೆ ಇನ್ನೂ ಹೋಗಿರಲಿಲ್ಲ, ಮಡಿಕೆಯ ಗೆರೆಗಳು ಹಾಗೇ ಇದ್ದವು. ಮೂವರೂ ಸೇರಿ ಹೊದಿಸಿದರು. ಮುಷ್ಟಿ ಎತ್ತಿ ಏನೋ ಕೂಗಿದರು, ದನಿ ಜೋರಾಗಿ ಬರಲಿಲ್ಲ. ನಾನು ಜೇಬಿನಿಂದ ದುಡ್ಡು ತೆಗೆದು ಬಟ್ಟೆಯ ಬಾಬ್ತು ಕೊಡೋಕೆ ಹೋದೆ. ಹಿರಿಯರು ನನ್ನ ಕೈ ಹಿಡಿದು ಹಿಂದಕ್ಕೆ ತಳ್ಳಿದರು.

"ಬೇಡ ತಂಬಿ. ಇದು ಯೂನಿಯನ್ ಲೆಕ್ಕ."

ಗಣಿ ಮುಚ್ಚಿ ಹದಿನೆಂಟು ವರ್ಷ ಆಗಿತ್ತು.

ಹೋದ ವರ್ಷ ರಾತ್ರಿ ಒಂದು ಗಂಟೆಗೆ ಬಾವುಟಗಳ ಬಗ್ಗೆ ಓದುತ್ತಾ ಕೂತಾಗ ನನಗೆ ಕಂಡಿದ್ದು ಈ ಎರಡು ಮೀಟರ್ ಬಟ್ಟೆ. ಆಫ್ರಿಕಾದ ದೇಶಗಳು ತಮ್ಮ ಬಾವುಟದಲ್ಲಿ ಚಿನ್ನ ಬರೆದವು, ತಾಮ್ರ ಬರೆದವು. ನಮ್ಮ ಗಣಿಯ ಜನ ತಮ್ಮ ಬಾವುಟದಲ್ಲಿ ಚಿನ್ನ ಬರೆಯಲೇ ಇಲ್ಲ. ನೂರು ವರ್ಷ ಅದನ್ನೇ ಅಗೆದವರು, ಅದು ತಮ್ಮದು ಅಂತ ಒಂದು ಪಟ್ಟೆ ಕೂಡ ಕೇಳಲಿಲ್ಲ. ಕೆಂಪಿನಲ್ಲಿ ಕೂಲಿ ಕೇಳಿದರು, ನೀಲಿಯಲ್ಲಿ ಮರ್ಯಾದೆ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಗಣಿ ಮುಚ್ಚಿದಾಗ, ಚಿನ್ನ ಯಾರದ್ದು ಅನ್ನೋ ಪ್ರಶ್ನೆ ಎತ್ತೋಕೆ ನಮ್ಮ ಹತ್ತಿರ ಬಣ್ಣವೇ ಇರಲಿಲ್ಲ. ಇದ್ದ ಒಂದು ಬಣ್ಣವನ್ನೂ ನಾನು ಮಿಕ್ಸಿಗೆ ಸುತ್ತಿದೆ.

ಮುಂದಿನ ವಾರ ಮೀಟಿಂಗಿಗೆ ಮುಂಚೆ ಅಕ್ರಾದವನಿಗೆ ಇದನ್ನೆಲ್ಲ ಹೇಳಿದೆ, ಮಿಕ್ಸಿಯ ವಿಷಯ ಸಮೇತ. ಯಾಕೆ ಹೇಳಿದೆನೋ, ಮುಖ ಎದುರಿಗಿಲ್ಲದವರಿಗೆ ಹೇಳೋದು ಸುಲಭ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನಾವೂ ಒಂದು ಸಲ ಚಿನ್ನ ತೆಗೆದುಬಿಟ್ಟಿದ್ದೆವು, ಗೊತ್ತಾ?" 1964ರಲ್ಲಿ ಎನ್‌ಕ್ರುಮಾ ಒಂದೇ ಪಕ್ಷದ ಆಡಳಿತ ತಂದಾಗ, ಬಾವುಟದ ಹಳದಿಯನ್ನು ತೆಗೆದು ತಮ್ಮ ಪಕ್ಷದ ಬಿಳಿ ಹಾಕಿಸಿದರಂತೆ. 1966ರಲ್ಲಿ ಅವರು ಅಧಿಕಾರ ಕಳಕೊಂಡಮೇಲೆ ಹಳದಿ ವಾಪಸ್ ಬಂತು. "ಎರಡು ವರ್ಷ ನಮ್ಮ ಬಾವುಟದಲ್ಲಿ ಚಿನ್ನ ಇರಲಿಲ್ಲ. ಮತ್ತೆ ಹಾಕಿದೆವು" ಅಂದ. ಸಮಾಧಾನ ಹೇಳೋಕೆ ಅಂದನೋ, ಸುಮ್ಮನೆ ಇತಿಹಾಸ ಅಂತ ಅಂದನೋ ಗೊತ್ತಾಗಲಿಲ್ಲ. ಮ್ಯಾನೇಜರ್ ಬಂದರು.

ನವೆಂಬರ್ 4ಕ್ಕೆ ರಜೆ ಹಾಕಿದೆ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲು ಹತ್ತಿದೆ. ಕೋರಮಂಡಲ, ಊರಿಗಾಂ, ಚಾಂಪಿಯನ್. ಬೆಂಗಳೂರಿನ ರಾತ್ರಿಪಾಳಿ ಮುಗಿಸಿ ಬರುತ್ತಿದ್ದವರು ಕೂತಲ್ಲೇ ನಿದ್ದೆ ಮಾಡುತ್ತಿದ್ದರು. ಅಪ್ಪನ ಹಾಗೆ.

ಸೇರಿದ್ದವರು ಹೆಚ್ಚು ಜನ ಇರಲಿಲ್ಲ. ಬಹುತೇಕ ವಯಸ್ಸಾದವರು, ನಾಲ್ಕೈದು ಹುಡುಗರು. ಆ ಹಿರಿಯರು ನನ್ನ ಗುರುತು ಹಿಡಿದರು. ಮೊದಲ ಸಲ ಬಂದಿದ್ದೀಯಾ ಅಂತ ಕೇಳಲಿಲ್ಲ. ಅವರ ಕೈಯಲ್ಲಿದ್ದ ಬಾವುಟದ ಕೋಲನ್ನು ನನ್ನ ಕಡೆ ಚಾಚಿ, "ಸ್ವಲ್ಪ ಹಿಡ್ಕೋ ತಂಬಿ, ಭುಜ ನೋಯ್ತಿದೆ" ಅಂದರು. ಹಿಡಿದುಕೊಂಡೆ. ಗಾಳಿಗೆ ಬಟ್ಟೆ ಎಳೆಯುತ್ತೆ, ಎರಡೂ ಕೈ ಬೇಕು ಅಂತ ಅವತ್ತು ಗೊತ್ತಾಯಿತು.

ಕಾರ್ಯಕ್ರಮ ಮುಗಿದಮೇಲೆ ಟೀ ಕುಡಿಯುವಾಗ ನಿಜ ಹೇಳಿದೆ. ಬಾವುಟ ಕಳೆದುಹೋಗಿರಲಿಲ್ಲ, ನಾನೇ ಬಿಸಾಕಿದ್ದು ಅಂತ. ಅವರು ಟೀ ಲೋಟ ನೋಡುತ್ತಾ "ಗೊತ್ತಿತ್ತು" ಅಂದರು. ಅಷ್ಟೇ ಅಂದರು. ಆ ಎರಡು ಮೀಟರ್ ಬಟ್ಟೆಯ ದುಡ್ಡು ಕೊಡ್ತೀನಿ ಅಂತ ಇನ್ನೊಂದು ಸಲ ಕೇಳಿದೆ.

ತಗೊಳ್ಳಲಿಲ್ಲ. ಟೀ ದುಡ್ಡನ್ನೂ ಅವರೇ ಕೊಟ್ಟರು.